ನಲ್ಲಿ ತಿರುಗಿಸಿ ನೋಡುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಬಂತು. ದೊಡ್ಡಮ್ಮ ಕನ್ನಡಕ ಹುಡುಕದೆ ನನ್ನ ಕೈಲೇ ಜೋರಾಗಿ ಓದಿಸಿದಳು. ಅಡಿಗೆಮನೆ ಗೂಡಿಗೆ ಹಾಸಿದ್ದ ಹಾಳೆ ತೆಗೆದಾಗ 2018ರ ಪೇಪರ್ ಸಿಕ್ಕಿದ್ದು, 2020ಕ್ಕೆ ಬೆಂಗಳೂರಿನ ಅಂತರ್ಜಲ ಖಾಲಿ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು, ಅದರ ಮುಂದಕ್ಕೆ ನೀನು ಕಟ್ಟಿದ ಕತೆ ಎಲ್ಲ ಓದಿದೆ. ಟ್ಯಾಂಕರ್ ಓನರ್ ಮನೆಗೆ ಹೆಣ್ಣು ಕೊಡೋಕೆ ಕ್ಯೂ, ಮದುವೆ ಮುಯ್ಯಿಗೆ ಇಪ್ಪತ್ತು ಲೀಟರಿನ ಕ್ಯಾನು, ಮೆಜೆಸ್ಟಿಕ್‌ನಲ್ಲಿ ಕಂಕುಳಲ್ಲಿ ಕೊಡ ಇಟ್ಟುಕೊಂಡು ಊರಿನ ಬಸ್ಸು ಹತ್ತೋ ಎಂಜಿನಿಯರುಗಳು. ದೊಡ್ಡಮ್ಮ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಆಮೇಲೆ ನಿನ್ನ ಸಹಿಯ ಮೇಲೆ ಸಣ್ಣದಾಗಿ ಬರೆದ ಸಾಲು ಕಣ್ಣಿಗೆ ಬಿತ್ತು. ‘ಆದ್ರೂ ದೊಡ್ಡಪ್ಪ, ರಾತ್ರಿ ಎರಡು ಗಂಟೆಗೆ ಎದ್ದು ನಲ್ಲಿ ತಿರುಗಿಸಿ ನೋಡ್ತೀನಿ.’ ಅದನ್ನು ಓದಿ ಹೇಳಲಿಲ್ಲ. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ.

ಮೂರು ದಿನದಿಂದ ಆ ಸಾಲು ಬಿಡುತ್ತಿಲ್ಲ. ಒಬ್ಬಳೇ ಕತ್ತಲಲ್ಲಿ ನಿಂತು, ನೀರು ಬಂತಾ ಅಂತ ಕೈಯೊಡ್ಡುವ ನೀನೇ ಕಣ್ಣಮುಂದೆ ಬರುತ್ತೀಯ. ಎಷ್ಟು ದಿನದಿಂದ ಹೀಗೆ? ನಿಮ್ಮಪ್ಪನಿಗೆ ಗೊತ್ತಾ? ನಾನು ಹೇಳಿಲ್ಲ, ಹೇಳೋದೂ ಇಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ನಿಮ್ಮಪ್ಪ ಆಗ ಚಿಕ್ಕವನು. 1979ರಲ್ಲಿ ನನಗೆ ಹದಿನೇಳು. ಊರಿಗೆ ಒಂದೇ ಪೇಪರ್ ಬರುತ್ತಿತ್ತು, ಅದೂ ಹತ್ತು ಗಂಟೆ ಬಸ್ಸಿಗೆ. ಅರಳಿಕಟ್ಟೆ ಮೇಲೆ ಕೂತು ಎಲ್ಲರಿಗೂ ಓದಿ ಹೇಳೋದು ನನ್ನ ಕೆಲಸ. ಆ ಜೂನ್, ಜುಲೈ ಪೂರ್ತಿ ಸ್ಕೈಲ್ಯಾಬ್ ಅನ್ನೋ ಬಾಹ್ಯಾಕಾಶ ನಿಲ್ದಾಣದ್ದೇ ಸುದ್ದಿ. ಅಮೆರಿಕದವರು 1973ರಲ್ಲಿ ಮೇಲೆ ಕಳಿಸಿದ್ದ 77 ಟನ್ನಿನ ಮನೆ ಕೆಳಗೆ ಬೀಳ್ತಾ ಇದೆ, ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ. ಪೇಪರಲ್ಲಿ ಇದ್ದದ್ದು ಇಷ್ಟೇ. ಉಳಿದದ್ದೆಲ್ಲ ನಾನು ಸೇರಿಸಿದ್ದು.

ಕೆರೆಗೆ ಬಿದ್ದರೆ ಮೀನೆಲ್ಲ ಹಾರಿ ಪಟೇಲರ ಅಂಗಳಕ್ಕೆ ಬೀಳ್ತವೆ ಅಂದೆ. ತೂಬಿಗೆ ಸಿಕ್ಕಿಕೊಂಡರೆ ಈ ವರ್ಷ ಗದ್ದೆಗೆ ನೀರಿಲ್ಲ ಅಂದೆ. ಹೊಲದಲ್ಲಿ ಬಿದ್ದರೆ ಪಹಣಿ ಅಮೆರಿಕದ ಹೆಸರಿಗೆ ಹೋಗ್ತದಾ ಅಂತ ಒಬ್ಬರು ಗಾಬರಿಯಿಂದ ಕೇಳಿದರು. ಹೋಗ್ತದೆ, ಆದರೆ ಡಾಲರ್ ಪರಿಹಾರ ಕೊಡ್ತಾರೆ ಅಂದುಬಿಟ್ಟೆ. ಡಾಲರನ್ನು ಸೊಸೈಟಿಯಲ್ಲಿ ತಗೋತಾರಾ ಅನ್ನೋದು ಮಾರನೆಯ ದಿನದ ಚರ್ಚೆ. ಕಟ್ಟೆ ತುಂಬ ನಗು. ಜನ ನನ್ನ ಬಾಯಿ ನೋಡಿಕೊಂಡು ಕೂರೋದು ನನಗೆ ಎಷ್ಟು ಹಿತವಾಗಿತ್ತು ಅಂದರೆ, ನಗುವವರ ಮಧ್ಯೆ ನಗದೇ ಕೂತವರು ಯಾರು ಅಂತ ನಾನು ನೋಡಲೇ ಇಲ್ಲ.

ತುದಿಮನೆ ಅಜ್ಜಮ್ಮ ನಗುತ್ತಿರಲಿಲ್ಲ. ಮೊದಲು ಕೋಳಿಗಳು ಹೋದವು, ಒಂದೊಂದೇ ಕುಯ್ದು ಮೊಮ್ಮಗನಿಗೆ ಹಾಕಿದಳು. ಆಮೇಲೆ ಗಬ್ಬದ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮುನ್ನೂರಕ್ಕೆ ಕೊಟ್ಟು ಬಂದಳು. ‘ಎಲ್ಲಾರೂ ಹೋದ್ಮೇಲೆ ಎಮ್ಮೆ ಯಾರಿಗ್ ಮಗಾ’ ಅಂದಳು. ಮೊಮ್ಮಗನಿಗೆ ಹೊಸ ಅಂಗಿ ಹೊಲಿಸಿದಳು. ಜುಲೈ 11ರ ರಾತ್ರಿ ಊರಲ್ಲಿ ಯಾರೂ ಮಲಗಲಿಲ್ಲ. ಹತ್ತು ಗಂಟೆ ಸುಮಾರಿಗೆ ಅದು ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯದ ಪಶ್ಚಿಮದ ಬಯಲಿಗೂ ಬಿದ್ದಿತ್ತು, ನಮಗೆ ರೇಡಿಯೋದಲ್ಲಿ ಗೊತ್ತಾದದ್ದು ಬೆಳಿಗ್ಗೆ. ಅಲ್ಲಿ ಎಸ್ಪೆರೆನ್ಸ್ ಅನ್ನೋ ಊರಲ್ಲಿ ನನ್ನದೇ ವಯಸ್ಸಿನ ಹುಡುಗನೊಬ್ಬನಿಗೆ ಮನೆ ಹತ್ತಿರ ಚೂರು ಸಿಕ್ಕಿ, ಅದನ್ನು ಅಮೆರಿಕಕ್ಕೆ ಒಯ್ದು ಒಂದು ಪತ್ರಿಕೆಯಿಂದ 10,000 ಡಾಲರ್ ಬಹುಮಾನ ಪಡೆದನಂತೆ. ಕಸ ಹಾಕಿದ್ದಕ್ಕೆ ಆ ಊರಿನವರು ನಾಸಾಕ್ಕೆ 400 ಡಾಲರ್ ದಂಡವನ್ನೂ ಬರೆದರಂತೆ. ಇದನ್ನು ಎಷ್ಟೋ ವರ್ಷದ ಮೇಲೆ ಓದಿದಾಗ, ಅಂಥದ್ದೊಂದು ನನಗೆ ಆಗಲೇ ಹೊಳೆದಿದ್ದರೆ ಕಟ್ಟೆ ಮೇಲೆ ಹೇಳುತ್ತಿದ್ದೆ, ಎಮ್ಮೆ ಉಳೀತಿತ್ತು ಅನ್ನಿಸಿತು.

12ರ ಬೆಳಿಗ್ಗೆ ಅಜ್ಜಮ್ಮ ರೂಢಿಯಂತೆ ಚೆಂಬು ಹಿಡಿದು ಕೊಟ್ಟಿಗೆ ಕಡೆ ನಡೆದು, ಗೂಟದ ಹತ್ತಿರ ನಿಂತಳು. ಹಗ್ಗ ಇನ್ನೂ ಗೂಟದಲ್ಲೇ ಸುತ್ತಿಕೊಂಡಿತ್ತು. ನನ್ನನ್ನು ಕಂಡು ಬೈಯಲಿಲ್ಲ. ‘ಬೀಳ್ಲಿಲ್ವಂತೆ ಮಗಾ’ ಅಂದಳು, ಅಷ್ಟೇ. ಆ ಮಳೆಗಾಲ ಪೂರ್ತಿ ನಾನು ರಾತ್ರಿ ಎದ್ದು, ಹಿತ್ತಲಿಂದ ಆ ಖಾಲಿ ಗೂಟ ನೋಡಿ ಬಂದು ಮಲಗುತ್ತಿದ್ದೆ. ಯಾಕೆ ನೋಡುತ್ತಿದ್ದೆ ಅಂತ ಕೇಳಿದರೆ ಇವತ್ತಿಗೂ ಹೇಳೋಕೆ ಬರಲ್ಲ. ನೀನು ನಲ್ಲಿ ತಿರುಗಿಸೋದು ಓದಿದಾಗ ಅದೇ ಹಿತ್ತಲು ನೆನಪಾಯಿತು. ಮರುವರ್ಷ ಫೆಬ್ರವರಿ 16ಕ್ಕೆ ಕಾರವಾರದ ಕಡೆಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣ. ಕಟ್ಟೆಯವರು ಓದು ಅಂತ ಕರೆದರು. ಹೋಗಲಿಲ್ಲ.

ನಿನ್ನ ಪೇಪರು ಸುಳ್ಳು ಹೇಳಿತು ಅಂತ ನಾನು ಹೇಳುತ್ತಿಲ್ಲ ಪುಟ್ಟಿ. ಸ್ಕೈಲ್ಯಾಬ್ ಬಿದ್ದದ್ದು ನಿಜ. 2024ರ ಮಾರ್ಚಲ್ಲಿ ನಿಮ್ಮೂರಿನ ಸುಮಾರು 14,000 ಸರ್ಕಾರಿ ಬೋರುಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು, ಅದೂ ನಿಜ. ಆದರೆ ಆ ಹಾಳೆಯಲ್ಲಿ ಇರೋದು ಅಂತರ್ಜಲ ಅನ್ನೋ ಮಾತು, ನಲ್ಲಿ ಅಲ್ಲ. ಆ ಸುದ್ದಿಯ ಹಿಂದಿದ್ದ ನೀತಿ ಆಯೋಗದ ವರದಿ ಬೆಂಗಳೂರೂ ಸೇರಿ 21 ನಗರಗಳ ಅಂತರ್ಜಲದ ಬಗ್ಗೆ ಹೇಳಿತ್ತು, ಅದರ ಮುಂದಿನ ಕ್ಯಾನು, ಕೊಡ, ಬಸ್ಸು ಎಲ್ಲ ನಿನ್ನದು. ಹಗಲು ಬರೆದು ನಗಿಸಿದ್ದನ್ನೇ ನೀನು ರಾತ್ರಿ ನಂಬುತ್ತಿದ್ದೀಯ ಅಂತ ನನಗೆ ಭಯ. ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪುಗಳಿಂದ ನೂರು ಕಿಲೋಮೀಟರ್ ಹತ್ತಿ ಬರುತ್ತೆ. 2024ರ ಅಕ್ಟೋಬರಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ತರೋ ವ್ಯವಸ್ಥೆ ಆಯಿತು. ನಿನ್ನ ಬೀದಿಗೆ ಅದು ಬರುತ್ತೋ, ಬರೀ ಬೋರೋ, ನೀನು ಬರೆದೇ ಇಲ್ಲ.

ನೌಕರಿ ಮಾಡೋ ಹುಡುಗಿಗೆ ನಾನು ಹೇಳೋದೇನಿದೆ. ಆದರೂ, ಮುಚ್ಚಳ ಇರೋ ಡ್ರಮ್ಮು ಒಂದು ತಗೋ, ಸಂಜೆ ತುಂಬಿಸಿಡು, ಆಮೇಲೆ ಅದರ ಕಡೆ ನೋಡಬೇಡ. ಓನರನ್ನು ಒಂದು ಮಾತು ಕೇಳು, ತಾರಸಿ ಮಳೆನೀರು ಇಂಗುಗುಂಡಿಗೆ ಹೋಗುತ್ತಾ ಇಲ್ಲಾ ಚರಂಡಿಗಾ ಅಂತ. ಬೇಜಾರು ಮಾಡಿಕೊಂಡರೆ ಬಿಟ್ಟುಬಿಡು, ಬಾಡಿಗೆ ಮನೆ. ಆ 2018ರ ಹಾಳೆಯನ್ನು ಮತ್ತೆ ಗೂಡಿಗೆ ಹಾಸಿದ್ದೀಯ ಅಂತ ಬರೆದಿದ್ದೀಯಲ್ಲ, ದಯವಿಟ್ಟು ತೆಗೆ. ದೊಡ್ಡಮ್ಮ ಹಳೇ ಕ್ಯಾಲೆಂಡರು ಸುತ್ತಿಟ್ಟಿದ್ದಾಳೆ, ಮುಂದಿನ ವಾರ ನಿಮ್ಮಪ್ಪನ ಕೈಲಿ ಕಳಿಸುತ್ತೇನೆ, ಹಿಂಭಾಗ ಬಿಳಿ ಇದೆ.

ರಾತ್ರಿ ಎಚ್ಚರವಾದರೆ ಅಡಿಗೆಮನೆಗೆ ಹೋಗೋ ಬದಲು ನನಗೆ ಫೋನ್ ಮಾಡು. ಎರಡು ಗಂಟೆಗೆ ನಾನು ಎದ್ದೇ ಇರುತ್ತೇನೆ. ಕಾವೇರಿಯೋ ಬೋರೋ, ಅದನ್ನೂ ಹೇಳು.

ಇಂತಿ ನಿನ್ನ
ದೊಡ್ಡಪ್ಪ