‘ಸಾಕ್ರಿ’ ಅಂದರೆ ‘ಹಾಕ್ರಿ’ ಅಂತ ಕೇಳಿಸುವವನ ಅರ್ಜಿ

ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಶರಣು ಶರಣಾರ್ಥಿ.

ಈ ಊರಿನ ಒಂದು ದಾಲ್‌ಮಿಲ್ಲಿನಲ್ಲಿ 27 ವರ್ಷ ಲೆಕ್ಕ ಬರೆದವನು ನಾನು. ತೊಗರಿ ಒಡೆಯುವ ಯಂತ್ರಕ್ಕೂ ನನ್ನ ಮೇಜಿಗೂ ನಡುವೆ ಒಂದು ತಗಡಿನ ಗೋಡೆ, ಅಷ್ಟೇ. ಹೊಸ ತೊಗರಿ ಬಂತೆಂದರೆ ಆ ಸಪ್ಪಳ ಬೆಳಗಿನಿಂದ ರಾತ್ರಿ ತನಕ ನಿಲ್ಲುತ್ತಿರಲಿಲ್ಲ. ಈಗ ನನಗೆ 61. ಕಿವಿ ಮಂದವಾಗಿ ಒಂಬತ್ತು ವರ್ಷ ಆಯಿತು. ನಮ್ಮ ಕಡೆ ಇದಕ್ಕೆ ಮುಲಾಜಿಲ್ಲದ ಪದ ಒಂದಿದೆ, ಕೆಪ್ಪ. ಆ ಪದದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ.

ನನಗೆ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸಣ್ಣ ಜೀವಕೋಶಗಳಿವೆ. ಗದ್ದಲಕ್ಕೂ ವಯಸ್ಸಿಗೂ ಮೊದಲು ಬಲಿಯಾಗುವುದು ಅವುಗಳಲ್ಲಿ ಮೇಲಿನ ಸ್ಥಾಯಿಯ ಸದ್ದು ಹಿಡಿಯುವಂಥವು. ಸ, ಶ ಇಂಥ ಅಕ್ಷರಗಳ ಗುರುತು ಇರುವುದೇ ಅಲ್ಲಿ. ಹೀಗಾಗಿ ಸ್ವರ ಉಳಿಯುತ್ತದೆ, ವ್ಯಂಜನ ಉದುರುತ್ತದೆ. ಮೊಮ್ಮಗನ ಜವಳದ ಊಟದಲ್ಲಿ ಬೀಗರ ಪಂಕ್ತಿಗೆ ಹುಗ್ಗಿ ಬಡಿಸಲು ನಿಂತಿದ್ದೆ. ಹಿರಿಯ ಬೀಗರು “ಸಾಕ್ರಿ” ಅಂದರು. ನನಗೆ “ಹಾಕ್ರಿ” ಅಂತ ಕೇಳಿಸಿತು. ಹಾಕಿದೆ. ಅವರು ಇನ್ನೂ ಜೋರಾಗಿ “ಸಾಕ್ರಿ, ಸಾಕ್ರಿ” ಅಂದರು. ಪಾಪ, ಹಸಿದಿದ್ದಾರೆ ಅಂದುಕೊಂಡು ಮತ್ತೊಂದು ಸೌಟು ಸುರಿದೆ. ಹುಗ್ಗಿ ಎಲೆ ದಾಟಿ ಅವರ ಧೋತರದ ಮೇಲೆ ಇಳಿಯಿತು.

ಅದನ್ನು ಈಗಲೂ ಹೇಳಿಕೊಂಡು ನಗುತ್ತೇವೆ. ಇನ್ನೊಂದನ್ನು ನಾನು ಮನೆಯಲ್ಲಿ ಬಹಳ ದಿನ ಹೇಳಿರಲಿಲ್ಲ.

ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಮಿಲ್ಲಿನ ಹಳೆಯ ಹಮಾಲ ಗೆಳೆಯ ಸಿಕ್ಕ. ಕೈ ಹಿಡಿದುಕೊಂಡು ಏನೋ ಹೇಳಿದ. ಮಗಳ ಮದುವೆ ಗಟ್ಟಿಯಾಗುವ ಸುದ್ದಿ ಹಿಂದೆ ಹೇಳಿದ್ದ, ಅದೇ ಇರಬೇಕು ಅಂತ ಊಹಿಸಿದೆ. ನಕ್ಕು, ಅವನ ಭುಜ ತಟ್ಟಿ, “ಬಾಳ ಚೊಲೊ ಆತು ನೋಡು” ಅಂದೆ. ಅವನ ಕೈ ನನ್ನ ಕೈಯಿಂದ ಜಾರಿತು. ಅವನ ಅವ್ವ ತೀರಿಕೊಂಡು ಒಂಬತ್ತು ದಿನ ಆಗಿತ್ತಂತೆ.

ಅಂದಿನಿಂದ ಎಂಟು ತಿಂಗಳು ನಾನು ಸಂಜೆ ಶರಣಬಸವೇಶ್ವರ ಗುಡಿಯ ಕಡೆ ಹೋಗಲಿಲ್ಲ. ಅಲ್ಲಿ ನಮ್ಮದೊಂದು ಗುಂಪು ಕೂಡುತ್ತಿತ್ತು. ಕೇಳಿದವರಿಗೆ ಮೊಣಕಾಲು ನೋವು ಅಂದೆ. ಮೊಣಕಾಲು ಚೆನ್ನಾಗಿಯೇ ಇತ್ತು. ಮನೆಯಲ್ಲಿ ನಾಲ್ಕು ಮಂದಿ ನಗುತ್ತಿದ್ದರೆ ನನ್ನ ಬಗ್ಗೆಯೇ ನಗುತ್ತಿದ್ದಾರೆ ಅನ್ನಿಸತೊಡಗಿತು. ಇಡೀ ದಿನ ತುಟಿ ನೋಡಿ ಊಹಿಸಿ ಊಹಿಸಿ ಸಂಜೆಯ ಹೊತ್ತಿಗೆ ತಲೆ ಭಾರವಾಗುತ್ತಿತ್ತು. ನಮ್ಮ ಊರಿನಲ್ಲಿ ಒಬ್ಬ ಕನ್ನಡ, ಇನ್ನೊಬ್ಬ ದಖನಿ ಉರ್ದು, ಮೂರನೆಯವ ಎರಡೂ ಕಲಸಿ ಮಾತಾಡುತ್ತಾನೆ, ಯಾವ ತುಟಿಯನ್ನಂತ ಓದುವುದು? “ಏನಂದಿ?” ಅಂತ ಎರಡನೇ ಸಲ ಕೇಳಿದರೆ ಮೊಮ್ಮಗ “ಏನಿಲ್ಲ ಬಿಡು ಮುತ್ಯಾ” ಅನ್ನುತ್ತಿದ್ದ. ಅವನದೇನೂ ತಪ್ಪಿಲ್ಲ, ಆಟದ ಅವಸರ. ಆದರೆ ಕೆಪ್ಪ ಅಂದಾಗ ಆಗದ ನೋವು ಆ ‘ಏನಿಲ್ಲ ಬಿಡು’ ಕೇಳಿದಾಗ ಆಗುತ್ತಿತ್ತು. ಮತ್ತೆ ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು, ನೋಡಿ!

ಯಂತ್ರ ಹಾಕಿಸಿಕೊಳ್ಳಬಾರದಿತ್ತೇ ಅಂತ ಕೇಳುತ್ತೀರಿ. ಹಾಕಿಸಿಕೊಂಡೆ. 18 ಸಾವಿರ ಕೊಟ್ಟೆ. ಅಂಗಡಿಯವರು ಹತ್ತು ನಿಮಿಷದಲ್ಲಿ ಕಿವಿಗೆ ಹಚ್ಚಿ, ಬ್ಯಾಟರಿಯ ಸ್ಟಿಕ್ಕರ್ ಕಿತ್ತು ಹಾಕುವುದನ್ನು ತೋರಿಸಿ ಕಳಿಸಿದರು. ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಅಂಗೈಯ ಪಟಪಟದ ಜೊತೆಗೆ ಬಳೆಯ ಕಿಣಿಕಿಣಿಯೂ. ಆ ಬಳೆ ಸದ್ದು ಮರೆತೇ ಹೋಗಿತ್ತು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೈಜಾರಿ ಒಂದು ಸ್ಟೀಲ್ ತಾಟು ಬಿತ್ತು. ತಲೆಬುರುಡೆಯೊಳಗೇ ಬಿದ್ದಂತಾಯಿತು. ಫ್ಯಾನಿನ ಗಾಳಿ, ಪೇಪರ್ ಮಡಚುವುದು, ನಳದ ನೀರು ಎಲ್ಲವೂ ಒಂದೇ ಸಮ ಕಿವಿಗೆ ನುಗ್ಗಿದವು. ನಾಲ್ಕನೇ ದಿನ ಯಂತ್ರವನ್ನು ಡಬ್ಬಿಗೆ ಹಾಕಿ ಗೋಡೆಯ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟೆ. ವರ್ಷಪೂರ್ತಿ ಅದು ಅಲ್ಲೇ ಇತ್ತು. ಸರ್ಕಾರ ಶಿಬಿರ ಮಾಡಿ ಹಂಚುವ ಯಂತ್ರಗಳೂ ಎಷ್ಟು ಮನೆಗಳ ಮಾಡದಲ್ಲಿವೆ ಅಂತ ಯಾರಾದರೂ ಹೋಗಿ ನೋಡಬೇಕು.

ಕಡೆಗೆ ಒಂದು ಶಿಬಿರದಲ್ಲಿ ಶ್ರವಣ ತಜ್ಞೆಯೊಬ್ಬರು ಸಿಕ್ಕರು. ಆ ತಾಯಿ ನನ್ನನ್ನಲ್ಲ, ಮೊದಲು ನನ್ನ ಮನೆಯವಳನ್ನು ಎದುರಿಗೆ ಕೂಡಿಸಿಕೊಂಡರು. ಮಾತಿಗೆ ಮೊದಲು ಭುಜ ಮುಟ್ಟಿರಿ. ಮುಖ ಬೆಳಕಿಗೆ ಇರಲಿ. ಕಿರುಚಬೇಡಿ, ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ. ತಿಳಿಯದಿದ್ದರೆ ಅದೇ ಪದವನ್ನು ಹತ್ತು ಸಲ ಹೇಳದೆ ಬೇರೆ ಪದ ಹಾಕಿ ಹೇಳಿ. (ಬೀಗರು ಅಂದು “ಬ್ಯಾಡ್ರಿ” ಅಂದಿದ್ದರೆ ಧೋತರ ಉಳಿಯುತ್ತಿತ್ತು.) ನನಗೆ ಹೇಳಿದ್ದು ಇಷ್ಟು: ವರ್ಷಗಟ್ಟಲೆ ಕೇಳದ ಸದ್ದನ್ನು ಮಿದುಳು ಮರೆತಿರುತ್ತದೆ, ಅದಕ್ಕೆ ಮತ್ತೆ ಕಲಿಸಬೇಕು. ಸದ್ದಿಲ್ಲದ ಕೋಣೆಯಲ್ಲಿ ದಿನಕ್ಕೆ ಒಂದೊಂದು ತಾಸಿನಿಂದ ಶುರು ಮಾಡಿ, ವಾರಗಟ್ಟಲೆ ರೂಢಿ ಮಾಡಿಕೊಳ್ಳಬೇಕು. ತಾಟಿನ ಸದ್ದು ಹೊಡೆಯುತ್ತಿದ್ದರೆ ಯಂತ್ರದ ಸೆಟ್ಟಿಂಗ್ ಬದಲಿಸಬಹುದು. ಕೊನೆಗೆ, ತಿಳಿಯದೆ ತಲೆ ಆಡಿಸುವುದನ್ನು ಬಿಡಬೇಕು. “ನನಗ ಕಿವಿ ಮಂದ ಅದ, ಮಾರಿ ನೋಡಿ ಸಾವಕಾಶ ಮಾತಾಡ್ರಿ” ಅನ್ನುವ ಒಂದು ವಾಕ್ಯವನ್ನು ಅವರ ಮುಂದೆ ನನ್ನಿಂದ ಐದು ಸಲ ಹೇಳಿಸಿದರು. ಐದನೇ ಸಲಕ್ಕೆ ದನಿ ನಡುಗುವುದು ನಿಂತಿತು.

ಅರ್ಧ ತಾಸಿನ ಕೆಲಸ. 18 ಸಾವಿರದ ಯಂತ್ರ ಕೆಲಸಕ್ಕೆ ಬಂದದ್ದು ಆ ಅರ್ಧ ತಾಸಿನಿಂದ. ಹಮಾಲ ಗೆಳೆಯನ ಮನೆಗೆ ಹೋಗಿ ಕ್ಷಮೆ ಕೇಳಿದ್ದೂ ಆಮೇಲೆಯೇ.

ಈಗ ನಿಮ್ಮ ಬಾಬತ್ತಿಗೆ ಬರುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬೆಲ್ (ಸದ್ದಿನ ಅಳತೆ) ನಷ್ಟ ಇದ್ದರೆ ಮಾತ್ರ ಕಿವಿ ಮಂದದವನು. ನನ್ನ ಬಲಗಿವಿ 54ಕ್ಕೆ ನಿಂತಿದೆ. ಹಾಗಾಗಿ ನನಗೆ ಅಂಗವಿಕಲರ ಕಾರ್ಡಿಲ್ಲ. ಗೆರೆ ಎಳೆದದ್ದು ದಿಲ್ಲಿ, ನೀವಲ್ಲ, ಗೊತ್ತು. ಆದರೆ ಕಾರ್ಡಿಲ್ಲದವನಿಗೆ ಅರ್ಧ ತಾಸು ಸಲಹೆ ಕೊಡಬಾರದು ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ.

‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಗಿದೆ. ಎರಡೂ ಆರೋಗ್ಯ ಇಲಾಖೆಯವೇ. ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ, ಚಿತ್ತಾಪುರದಲ್ಲಿ ತಿಂಗಳಿಗೆ ಒಂದೇ ಒಂದು ಮಂಗಳವಾರ ಶ್ರವಣ ತಜ್ಞರೊಬ್ಬರು, ಆಪ್ತಸಮಾಲೋಚಕರೊಬ್ಬರು ಒಂದೇ ಮೇಜಿಗೆ ಕೂಡಲಿ. ಕಿವಿ ಕೆಟ್ಟವನ ಜೊತೆ ಮನೆಯವರೂ ಬರಲೇಬೇಕು ಅನ್ನಲಿ. ಹಣ ಇಲ್ಲ ಅನ್ನಬೇಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದು ದಶಕ ದಾಟಿತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ರಸ್ತೆ, ಕಟ್ಟಡ ಬೇಕಾದಷ್ಟು ನೋಡಿದ್ದೇವೆ. ಒಂದು ಸಮುದಾಯ ಭವನ ಕಡಿಮೆ ಕಟ್ಟಿ. ಈಗ ಉಳಿಸಿದ ದುಡ್ಡು ಮುಂದೆ ಬೇರೆ ಕಡೆ ಖರ್ಚಾಗುತ್ತದೆ: ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ಸರಿಪಡಿಸಬಹುದಾದ 14 ಕಾರಣಗಳಲ್ಲಿ ಕಿವಿ ಮಂದವಾಗುವುದೂ ಒಂದು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯಲ್ಲಿದೆ.

ಮನಸ್ಸು ಕುಗ್ಗಿದವರು 14416ಕ್ಕೆ ಫೋನ್ ಹಚ್ಚಿ ಅಂತ ಗೋಡೆಗೋಡೆಗೆ ಬರೆದಿದೆ. ಒಳ್ಳೆಯ ಕೆಲಸವೇ. ನಾನು ಹಚ್ಚಿ ಏನು ಕೇಳಿಸಿಕೊಳ್ಳಲಿ? ಒಂದು ಆಸ್ಪತ್ರೆಯ ಕಿವಿ ವಿಭಾಗದ ಹೊರಗಂತೂ ಸಿಬ್ಬಂದಿ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದರು, ಕೂತವರೆಲ್ಲ ನನ್ನಂಥವರು! ಎರಡು ಸಲ ನನ್ನ ಪಾಳಿ ಹೋಯಿತು. ಒಂದು ಕರಿಹಲಗೆ, ಒಂದು ಸೀಮೆಸುಣ್ಣ, ಮೇಲೆ ನಂಬರ್ ಬರೆದರೆ ಮುಗಿಯಿತು. ಇದಕ್ಕೆ ಟೆಂಡರ್ ಬೇಕಿಲ್ಲ.

ಮಿಲ್ಲುಗಳ ಮಾತು ಉಳಿಯಿತು. ಗದ್ದಲದಿಂದ ಕಿವಿ ಕೆಡುವುದನ್ನು ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಅಂತ ಸೇರಿಸಿದ್ದರು. 27 ವರ್ಷದಲ್ಲಿ ನನ್ನ ಕಿವಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಈಗ ಅದೇ ತಗಡಿನ ಗೋಡೆಯ ಪಕ್ಕ ಮೂವತ್ತರ ಹುಡುಗನೊಬ್ಬ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಮೊನ್ನೆ ಹೋದಾಗ ನಾನು ಮಾತಾಡಿಸಿದರೆ “ಆಂ?” ಅಂದ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಕಾರ್ಖಾನೆ ಇಲಾಖೆಯವರನ್ನು ಇದೊಂದು ಪ್ರಶ್ನೆ ಕೇಳಿ: ಜಿಲ್ಲೆಯ ದಾಲ್‌ಮಿಲ್ಲುಗಳಲ್ಲಿ ಕಳೆದ ವರ್ಷ ಎಷ್ಟು ಮಂದಿಯ ಕಿವಿ ಪರೀಕ್ಷೆ ಆಯಿತು?

ಉತ್ತರ ಕೊಡುವುದಿದ್ದರೆ ದಯಮಾಡಿ ಬರೆದು ಕಳಿಸಿ. ಫೋನೇ ಮಾಡಬೇಕೆಂದರೆ ಸಂಜೆ ನಾಲ್ಕೂವರೆಯ ಮೇಲೆ ಮಾಡಲು ಕಚೇರಿಯವರಿಗೆ ಹೇಳಿ, ಮೊಮ್ಮಗ ಶಾಲೆಯಿಂದ ಬಂದಿರುತ್ತಾನೆ. ಅವನೀಗ “ಏನಿಲ್ಲ ಬಿಡು” ಅನ್ನುವುದಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಾನೆ.

ಇಂತಿ ನಿಮ್ಮ ಮತದಾರ,
ದಾಲ್‌ಮಿಲ್ಲಿನ ನಿವೃತ್ತ ಗುಮಾಸ್ತ,
ಕಲಬುರಗಿ