ನೀವು ಕಳಿಸಿದ ಬಿಳಿ ಶೀಟ್ ಪಾಲಿಸ್ಟೈರೀನ್ ಅಲ್ಲ, ದುಡ್ಡು ವಾಪಸ್ ಕೊಡಿ

ನಮಸ್ಕಾರ,

ಹೋದ ತಿಂಗಳು ನಿಮ್ಮಲ್ಲಿ 1 ಮಿಮೀ ದಪ್ಪದ ಬಿಳಿ ಪಾಲಿಸ್ಟೈರೀನ್ (ಮಾಡೆಲ್ ಮಾಡಲು ಬಳಸುವ ಗಟ್ಟಿ ಪ್ಲಾಸ್ಟಿಕ್) ಶೀಟ್ 20 ತರಿಸಿದ್ದೆ. ಪ್ಯಾಕೆಟ್ ಮೇಲೂ ಅದೇ ಹೆಸರಿದೆ, ಬಿಲ್ಲಿನಲ್ಲೂ ಅದೇ ಇದೆ. ಒಳಗಿದ್ದದ್ದು ಮಾತ್ರ ಬೇರೆ. ಎರಡು ಸಲ ಮೇಲ್ ಮಾಡಿದೆ. ಪ್ಯಾಕೆಟ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ, ನಿಮ್ಮ ಅಂಟು ಸರಿಯಿಲ್ಲ ಅಂತ ಉತ್ತರ ಬಂತು. ಅದಕ್ಕೇ ಈಗ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಮಾಡುತ್ತಿರುವುದು ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ದಾರಿಯ ಒಂದು ತುಂಡಿನ ಪುಟ್ಟ ಮಾಡೆಲ್, ಯಡಕುಮೇರಿ ಕಡೆಯದು, 1:87 ಅಳತೆಯಲ್ಲಿ, ಅಂದರೆ ನಿಜದ್ದರ 87ರಲ್ಲಿ ಒಂದು ಪಾಲು. ಅಪ್ಪ ಆ ಲೈನಿನಲ್ಲಿ ಕೆಲಸ ಮಾಡಿದವರು. ಪಕ್ಕದಲ್ಲಿ ಕೂತು ಇಲ್ಲೊಂದು ಮೋರಿ ಇತ್ತು, ಆ ಬಂಡೆ ಇನ್ನೂ ಮುಂದೆ ಚಾಚಿತ್ತು ಅಂತ ಹೇಳುತ್ತಾ ಇರುತ್ತಾರೆ. ಅಲ್ಲಿ 50 ಅಡಿಗೆ 1 ಅಡಿ ಏರು, ಅಂದರೆ ನನ್ನ 2 ಮೀಟರ್ ಹಲಗೆಯಲ್ಲಿ ಹಳಿ ಬರೀ 4 ಸೆಂಮೀ ಏರಬೇಕು. ಕೆಳಗೆ ನಿಲ್ಲಿಸುವ ಅಡ್ಡಪಟ್ಟಿ ಒಂದು ಮಿಲಿಮೀಟರ್ ಆಚೀಚೆ ಆದರೂ ಕಣ್ಣಿಗೆ ಹೊಡೆಯುತ್ತದೆ. ಸೇತುವೆಯ ಕಂಬಕ್ಕೆ ಒಂದಡಿ ಎತ್ತರದ ಕಲ್ಲು ಅಂದರೆ ಶೀಟಿನ ಮೇಲೆ ಮೂರೂವರೆ ಮಿಮೀ ಗೀರು. ಹಾಗೆ ಸಾಲು ಸಾಲಾಗಿ ಗೀರಬೇಕು.

ಪಾಲಿಸ್ಟೈರೀನ್ ಆದರೆ ಕಟರ್‌ನಿಂದ ಎರಡು ಸಲ ಗೀರಿ ಬಗ್ಗಿಸಿದರೆ ಟಕ್ ಅಂತ ನೇರವಾಗಿ ಮುರಿಯುತ್ತದೆ. ನಿಮ್ಮದು ಮುರಿಯಲೇ ಇಲ್ಲ. ಮಡಿಸಿದ ಜಾಗ ಸುಮ್ನೆ ಬೆಳ್ಳಗಾಗಿ ಹಾಗೇ ನೇತಾಡಿತು. ಆದರೂ ಕತ್ತರಿಯಲ್ಲಿ ಕತ್ತರಿಸಿ, ನಾಲ್ಕು ಸಂಜೆ ಕೂತು, ಗುಡ್ಡದ ಅಡ್ಡಪಟ್ಟಿ ಎಲ್ಲ ಅಂಟಿಸಿದೆ. ಐದನೇ ದಿನ ಹಲಗೆ ಸ್ವಲ್ಪ ಸರಿಸಿದೆ ಅಷ್ಟೇ, ಒಂದೊಂದೇ ಕಳಚಿ ಬಿದ್ದವು. ಅಂಟಿದ್ದ ಕಡೆ ಬೆರಳಾಡಿಸಿದರೆ ನುಣ್ಣಗಿತ್ತು, ಒಂದು ಗುರುತೂ ಇಲ್ಲ. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಅಂಚನ್ನು ಒಂದು ಮಾಡುವಂಥದ್ದು, ಕರಗದ ಪ್ಲಾಸ್ಟಿಕ್ ಮೇಲೆ ಅದಕ್ಕೆ ಏನೂ ಕೆಲಸವಿಲ್ಲ. ಅದೇ ಬಾಟಲಿಯ ಅಂಟಿಗೆ ಮನೆಯಲ್ಲಿದ್ದ ಹಳೇ ಪಾಲಿಸ್ಟೈರೀನ್ ಚೂರುಗಳು ಗಟ್ಟಿಯಾಗಿ ಹಿಡಿದುಕೊಂಡವು.

ಕೊನೆಗೆ ಒಂದು ಲೋಟ ನೀರಿಗೆ ಎರಡೂ ಚೂರು ಹಾಕಿ ಬೆರಳಲ್ಲಿ ಅದುಮಿದೆ. ಹಳೆಯದು ತಳ ಸೇರಿತು. ನಿಮ್ಮದು ಬೆರಳು ತೆಗೆದ ತಕ್ಷಣ ಮೇಲೆ ಬಂತು. ಪಾಲಿಸ್ಟೈರೀನ್ ಶೀಟ್ ನೀರಿಗಿಂತ ಚೂರು ಭಾರ, ಅದು ತೇಲಲ್ಲ. ತೇಲುವುದು ಪಾಲಿಪ್ರೊಪಿಲೀನ್ ಥರದ್ದು, ಫೈಲು ಡಬ್ಬಿ ಮಾಡುತ್ತಾರಲ್ವಾ, ಅಂಥದ್ದು. ವಿಡಿಯೋ ಜೊತೆಗೆ ಕಳಿಸಿದ್ದೇನೆ, ದಯವಿಟ್ಟು ನೋಡಿ. ನಿಮ್ಮ ಗೋಡೌನಿನಲ್ಲೂ ಎರಡು ನಿಮಿಷದಲ್ಲಿ ಮಾಡಿ ನೋಡಬಹುದು.

ಪ್ಯಾಕೆಟ್ ಒಡೆಯದೆ ಇದನ್ನು ತಿಳಿಯುವುದಾದರೂ ಹೇಗೆ? ಬಿಳಿ ಶೀಟುಗಳೆಲ್ಲ ನೋಡಲು ಒಂದೇ ಥರ. ಹೆಸರು ನಂಬಿಯೇ ದುಡ್ಡು ಕೊಟ್ಟಿದ್ದು.

20 ಶೀಟಿನ ಪೂರ್ತಿ ದುಡ್ಡು, ಕೊರಿಯರ್ ಚಾರ್ಜ್ ಸೇರಿಸಿ, ವಾಪಸ್ ಕೊಡಿ. 14 ಶೀಟ್ ಹಾಗೇ ಇವೆ, ಕತ್ತರಿಸಿದ 6ರ ಚೂರುಗಳನ್ನೂ ಚೀಲದಲ್ಲಿ ಎತ್ತಿಟ್ಟಿದ್ದೇನೆ, ಯಾರನ್ನಾದರೂ ಕಳಿಸಿ ತಗೊಂಡು ಹೋಗಿ. ಸೈಟಿನಲ್ಲಿ ಈ ಶೀಟಿನ ಹೆಸರನ್ನು ಇವತ್ತೇ ಸರಿ ಮಾಡಿ, ಇನ್ನೊಬ್ಬರ ನಾಲ್ಕು ಸಂಜೆ ಹಾಳಾಗುವುದು ಬೇಡ. ಹೇಳಿದ್ದು ಒಂದು ಕಳಿಸಿದ್ದು ಇನ್ನೊಂದು ಆದಾಗ ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಅದು ಇದೆ. ಒಂದು ವಾರ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ, ಹಾಸನ