ನೀರಿನಲ್ಲಿ ಜಾರುವುದು ಕಾಲು ಮಾತ್ರ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯ ಪ್ರಶ್ನೋತ್ತರದಲ್ಲಿ ಹೊಸದಾಗಿ ಮದುವೆಯಾದ ಒಬ್ಬರು ಕೇಳಿದ್ದರು: ನೀರಿನಲ್ಲಿ ಸೆಕ್ಸ್ ಮಾಡಿದರೆ ಏನಾದರೂ ತೊಂದರೆ ಇದೆಯಾ? ಬಂದ ಉತ್ತರ ಒಂದೇ ಸಾಲು. ‘ಅಂಥದ್ದರಿಂದ ದೂರವಿರುವುದು ಒಳ್ಳೆಯದು.’ ಯಾಕೆ ಅಂತ ಇಲ್ಲ. ಇದನ್ನು ಓದಿ ಅವರು ದೂರವಿರುತ್ತಾರೆ ಅಂತ ನನಗಂತೂ ಅನಿಸುವುದಿಲ್ಲ. ಹೆಂಗಸರ ಕ್ಲಿನಿಕ್ಕಿನಲ್ಲಿ 26 ವರ್ಷ ನರ್ಸ್ ಆಗಿದ್ದವಳು ನಾನು. ಬೇಡ ಅಂದದ್ದನ್ನು ಬಿಟ್ಟವರಿಗಿಂತ, ಮಾಡಿ ಬಂದು ಕುರ್ಚಿಯ ತುದಿಯಲ್ಲಿ ಕೂತವರನ್ನೇ ಜಾಸ್ತಿ ನೋಡಿದ್ದೇನೆ.

ಅವರ ಮಾತು ಹೆಚ್ಚುಕಡಿಮೆ ಒಂದೇ. “ನೀರಲ್ಲೇ ಇದ್ವಲ್ಲ ಸಿಸ್ಟರ್, ಆದ್ರೂ ಯಾಕೆ ಉರಿ?” ನೀರಲ್ಲಿ ಇದ್ದದ್ದಕ್ಕೇ ಉರಿ. ಹೆಣ್ಣಿಗೆ ಆಸೆ ಹುಟ್ಟಿದಾಗ ಯೋನಿಯಲ್ಲಿ ತಾನಾಗಿಯೇ ಒಂದು ಲೋಳೆ ದ್ರವ ಬರುತ್ತದೆ. ನೋವಾಗದಂತೆ ನೋಡಿಕೊಳ್ಳುವುದು ಅದೇ. ನೀರು ಅದನ್ನು ತೊಳೆದುಬಿಡುತ್ತದೆ. ಒದ್ದೆಯಾಗಿರುವುದು ಬೇರೆ, ನುಣುಪಾಗಿರುವುದು ಬೇರೆ. ಒದ್ದೆ ಬೆರಳನ್ನು ಗಾಜಿನ ಮೇಲೆ ಒತ್ತಿ ಎಳೆದು ನೋಡಿ, ಕಿರ್ ಅನ್ನುತ್ತದೆ. ಒಳಗಿನ ಮೆತ್ತನೆಯ ಪದರಕ್ಕೂ ಹೀಗೇ ತಿಕ್ಕಾಟವಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳಬಹುದು. ಇಬ್ಬರಲ್ಲಿ ಒಬ್ಬರಿಗೆ ಲೈಂಗಿಕ ರೋಗ ಇದ್ದರೆ ಈ ಗೀರುಗಳಿಂದ ಅದು ದಾಟುವುದು ಇನ್ನೂ ಸುಲಭ. ನೀರು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ, ಕ್ಲೋರಿನ್ ರೋಗಾಣು ಕೊಲ್ಲುತ್ತದೆ ಅನ್ನುವುದೆಲ್ಲ ಸುಮ್ನೆ ಮಾತು. ಒಂದು ದೇಹದಿಂದ ಇನ್ನೊಂದಕ್ಕೆ ನೇರವಾಗಿ ಹೋಗುವುದನ್ನು ಹೊರಗಿನ ನೀರು ತಡೆಯುವುದಾದರೂ ಹೇಗೆ?

ಸೋಪು, ಶಾಂಪೂ ಹಚ್ಚಿಕೊಂಡರೆ ಜಾರುತ್ತದಲ್ಲ ಅಂತ ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಯೋನಿಯೊಳಗೆ ಸಹಜವಾಗಿ ಸ್ವಲ್ಪ ಹುಳಿ ಗುಣ ಇರುತ್ತದೆ, ಪಿಎಚ್ ಲೆಕ್ಕದಲ್ಲಿ 3.8ರಿಂದ 4.5. ಸೋಂಕು ತಡೆಯುವುದು ಅದೇ. ಸೋಪು ಅದನ್ನೇ ಕೆಡಿಸುತ್ತದೆ. ಬಬಲ್ ಬಾತ್ ನೊರೆಯೂ ಅಷ್ಟೇ, ನೋಡಲು ಚಂದ.

ಇನ್ನು ಕಾಂಡೋಮ್. ಕಾರ್ಖಾನೆಯಲ್ಲಿ ತೂತು ಇದೆಯಾ ಅಂತ ನೋಡಲು ಅದರೊಳಗೆ 300 ಮಿಲಿಲೀಟರ್ ನೀರು ತುಂಬಿಸುತ್ತಾರೆ. ಒಳಗೆ ನೀರು ತುಂಬಿ ನೋಡುತ್ತಾರೆಯೇ ಹೊರತು, ನೀರಿನೊಳಗೆ ಬಳಸಿದರೆ ಹೇಗಿರುತ್ತದೆ ಅಂತ ನೋಡುವುದಿಲ್ಲ. ನೀರಿನಲ್ಲಿ ಅದು ಒಡೆಯುವುದಕ್ಕಿಂತ ಜಾರಿ ಹೋಗುವ ಭಯವೇ ದೊಡ್ಡದು. ಬುಡದಿಂದ ನೀರು ನುಗ್ಗುತ್ತದೆ, ಸಡಿಲವಾಗುತ್ತದೆ, ಕಳಚಿದ್ದೂ ಗೊತ್ತಾಗುವುದಿಲ್ಲ. ಹಾಕಿಕೊಳ್ಳುವುದಾದರೆ ನೀರಿಗೆ ಇಳಿಯುವ ಮೊದಲೇ, ಮೈ ಒಣಗಿರುವಾಗಲೇ ಹಾಕಿಕೊಳ್ಳಬೇಕು. ನಡುನಡುವೆ ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು. ಎಣ್ಣೆ ಅಂಶದ ಸನ್‌ಸ್ಕ್ರೀನ್, ಬೇಬಿ ಆಯಿಲ್, ಮಸಾಜ್ ಎಣ್ಣೆ ತಾಗಿದರೆ ಲೇಟೆಕ್ಸ್, ಅಂದರೆ ಕಾಂಡೋಮಿನ ರಬ್ಬರ್, ಕೆಲವೇ ನಿಮಿಷದಲ್ಲಿ ದುರ್ಬಲವಾಗುತ್ತದೆ. ನುಣುಪಿಗೆಂದು ಹಚ್ಚುವ ಲೂಬ್ರಿಕೆಂಟುಗಳಲ್ಲಿ, ನೀರು ಬೆರೆಸಿ ಮಾಡಿದ ಜೆಲ್ ಹಚ್ಚಿದ ಕೂಡಲೇ ತೊಳೆದು ಹೋಗುತ್ತದೆ. ಸಿಲಿಕೋನ್ ಲೂಬ್ರಿಕೆಂಟ್ ನೀರಿನಲ್ಲೂ ನಿಲ್ಲುತ್ತದೆ, ಲೇಟೆಕ್ಸಿಗೂ ಕೆಡುಕಿಲ್ಲ. ಆದರೆ ನೆಲಕ್ಕೆ ಬಿದ್ದರೆ ಕಾಲಿಗೆ ಅಪಾಯ. ಕಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀರಿನಲ್ಲಿ ಬಸಿರು ನಿಲ್ಲುವುದಿಲ್ಲ ಅಂತ ನಂಬಿದವರು ಈಗಲೂ ಇದ್ದಾರೆ. ಈಜುಕೊಳದ ನೀರಿಗೆ ಬಿದ್ದ ವೀರ್ಯಾಣು ಈಜಿಕೊಂಡು ಬಂದು ಯಾರನ್ನೂ ಬಸಿರು ಮಾಡುವುದಿಲ್ಲ, ಆ ಭಯ ಬಿಡಿ. ಆದರೆ ಒಳಗೆ ಸೇರಿದ್ದಕ್ಕೆ ನೀರಿನ ತಡೆಯೇ ಇಲ್ಲ. ಬಿಸಿನೀರಿನ ಟಬ್ಬಿನಲ್ಲಿ ಕೂತರೆ ಗಂಡಸಿನ ವೀರ್ಯಾಣು ಸಾಯುತ್ತವೆ ಎಂಬ ಲೆಕ್ಕವನ್ನೂ ನಂಬಬೇಡಿ. ಎಡವಟ್ಟಾದರೆ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಚ್‌ಐವಿ ತಗುಲಿರಬಹುದು ಎಂಬ ಅಳುಕಿದ್ದರೆ ಅದನ್ನು ತಡೆಯುವ ಮಾತ್ರೆ ಬೇರೆ, ಅದನ್ನು ಶುರು ಮಾಡಲೂ ಅಷ್ಟೇ ಗಡುವು, 72 ಗಂಟೆ. ಆ ಮಾತ್ರೆ 28 ದಿನ ನುಂಗಬೇಕು. ಇದನ್ನು ಹೇಳಿಸಿಕೊಳ್ಳಲು ನಾಚಿಕೊಂಡು ಒಂದು ವಾರ ಬಿಟ್ಟು ಬಂದವರ ಮುಖ ಇನ್ನೂ ನೆನಪಿದೆ.

ಬಿಸಿನೀರಿನ ಟಬ್ ಅಂದರೆ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಜೊತೆಗೆ ಮದ್ಯವೂ ಸೇರಿದರೆ ತಲೆ ತಿರುಗಿ ಅಲ್ಲೇ ಮುಳುಗಬಹುದು. ಬಸಿರಿನ ಮೊದಲ ತಿಂಗಳುಗಳಲ್ಲಿ ಅಷ್ಟು ಬಿಸಿ ಬೇಡವೇ ಬೇಡ. ಹೊಳೆ, ಕೆರೆ, ಸಮುದ್ರಕ್ಕೆ ಇಳಿಯುವವರಿಗೆ ಒಂದೇ ಮಾತು: ಗಮನ ಬೇರೆಡೆ ಇರುವಾಗ ಸೆಳೆತ ಗೊತ್ತಾಗುವುದಿಲ್ಲ.

ಎಲ್ಲಿಯೇ ಆಗಲಿ, ಮುಗಿದ ಮೇಲೆ ಹೆಂಗಸರು ಮೂತ್ರ ಮಾಡಿ ಬರುವುದು ಒಳ್ಳೆಯದು.

ನನ್ನದೇ ಕಥೆ ಹೇಳದಿದ್ದರೆ ಮೋಸವಾಗುತ್ತದೆ. ಮದುವೆಯಾದ ಎರಡನೇ ವರ್ಷ. ಶವರ್ ಕೆಳಗೆ, ನಿಂತುಕೊಂಡು. ಇಬ್ಬರ ಭಾರವೂ ನಮ್ಮವರ ಒಂದು ಕಾಲಿನ ಮೇಲೆ. ನೆಲದ ತುಂಬಾ ಸೋಪಿನ ನೊರೆ. ಅವರು ಬಿದ್ದರು, ಅವರ ಮೇಲೆ ನಾನು ಬಿದ್ದೆ. ಅವರ ಎಡಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಹೇಗಾಯ್ತು ಅಂತ ಮೂಳೆ ಡಾಕ್ಟರು ಕೇಳಿದಾಗ “ಸ್ನಾನ ಮಾಡುವಾಗ ಜಾರಿದೆ” ಅಂದರು. ಸುಳ್ಳೇನಲ್ಲ, ಅಲ್ವಾ? ಡಾಕ್ಟರು ತರಚಿದ್ದ ನನ್ನ ಮೊಣಕೈಯನ್ನೂ ಒಮ್ಮೆ ನೋಡಿದರು. ಏನೂ ಕೇಳಲಿಲ್ಲ. ಆ ವಾರವೇ ಒಂದು ರಬ್ಬರ್ ಮ್ಯಾಟ್ ತಂದು ಹಾಕಿದೆವು, ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿ.

ಸಂಪಾದಕರೇ, ಆ ಪ್ರಶ್ನೆಗೆ ಮುಂದಿನ ವಾರ ಇನ್ನೊಂದು ಉತ್ತರ ಹಾಕಿಸಿ. ನೀರಿನಲ್ಲಿ ಮುದ್ದಾಡಿ, ಮೈ ಒರೆಸಿಕೊಂಡು ಹಾಸಿಗೆಗೆ ಹೋಗಿ ಅಂತಾದರೂ ಹೇಳಲಿ. ಇಷ್ಟು ಹೇಳಿದರೆ ಪತ್ರಿಕೆಯ ಮರ್ಯಾದೆ ಹೋಗುವುದಿಲ್ಲ. ನನ್ನ ಹೆಸರು ಮಾತ್ರ ಹಾಕಬೇಡಿ. ಆ ಮೂಳೆ ಡಾಕ್ಟರು ಈಗಲೂ ನಿಮ್ಮ ಪತ್ರಿಕೆಯನ್ನೇ ಓದುತ್ತಾರೆ.

ಇಂತಿ,
ಒಬ್ಬ ನಿವೃತ್ತ ನರ್ಸ್